ವಾರಿಜಾಕ್ಷಿ ಮೇಡಂ ಬಿಕ್ಕಳಿಸಿದ್ದು

ಇಪ್ಪತ್ತೆರಡು ವರ್ಷದಿಂದ ಊರವರ ಮೂತ್ರ ಪರೀಕ್ಷೆ ಮಾಡಿಕೊಂಡೇ ನನ್ನ ಸಂಸಾರ ನಡೆದಿದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬೀದಿಯಲ್ಲಿ ನನ್ನನ್ನು ಕಂಡೂ ಕಾಣದ ಹಾಗೆ ಹೋಗುವ ದೊಡ್ಡ ಮನುಷ್ಯರೂ ಒಂದಲ್ಲ ಒಂದು ದಿನ ಆಸ್ಪತ್ರೆಯ ನನ್ನ ಕಿಟಕಿಗೆ ಬರುತ್ತಾರೆ. ಸಣ್ಣ ಡಬ್ಬಿಯನ್ನು ಕರವಸ್ತ್ರದಲ್ಲಿ ಮುಚ್ಚಿ ಕೊಟ್ಟು "ಮುದ್ದಯ್ಯ, ಸ್ವಲ್ಪ ಬೇಗ ನೋಡಪ್ಪ" ಅನ್ನುತ್ತಾರೆ. ನೋಡುತ್ತೇನೆ. ಬಣ್ಣ, ನೊರೆ, ಸಕ್ಕರೆ, ಪ್ರೋಟೀನು ಎಲ್ಲ ನೋಡಿ ಒಂದು ಹಾಳೆಯ ಮೇಲೆ ನನ್ನ ಗುಂಡು ಅಕ್ಷರದಲ್ಲಿ ಬರೆದು ಡಾಕ್ಟರ ಮೇಜಿಗೆ ಕಳಿಸುತ್ತೇನೆ. ಆಮೇಲೆ ಬಿಕ್ಕಳಿಕೆಗೆ ಕಾಯುತ್ತೇನೆ.

ಬೇರೆ ಊರುಗಳಲ್ಲಿ ಯಾರಾದರೂ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದೆ ಅನ್ನುತ್ತಾರಂತೆ. ನಮ್ಮೂರಲ್ಲಿ ನೆನೆಸಿಕೊಂಡರೆ ಏನೂ ಆಗುವುದಿಲ್ಲ, ಓದಬೇಕು. ನೀವು ಬರೆದದ್ದನ್ನು ಯಾರೋ, ಎಲ್ಲೋ ಕೂತು, ಮನಸ್ಸಿಟ್ಟು ಕೊನೆಯ ಸಾಲಿನ ತನಕ ಓದಿ ಮುಗಿಸಿದರೆ ನಿಮಗೆ ಒಂದು ಬಿಕ್ಕಳಿಕೆ. ಅರ್ಧಕ್ಕೆ ಬಿಟ್ಟರೆ ಇಲ್ಲ, ಕಣ್ಣಾಡಿಸಿದರೆ ಇಲ್ಲ. ಹೀಗಾಗಿ ನಮ್ಮಲ್ಲಿ "ನಿಮ್ಮ ಪುಸ್ತಕ ಓದಿದೆ, ಬಹಳ ಚೆನ್ನಾಗಿದೆ" ಎಂದು ಯಾರೂ ಯಾರಿಗೂ ಸುಳ್ಳು ಹೇಳುವಂತಿಲ್ಲ. ಪುಸ್ತಕ ಬಿಡುಗಡೆಯಾದ ವಾರ ನಮ್ಮ ಕವಿಗಳು ಮನೆಯಿಂದ ಆಚೆ ಬರುವುದಿಲ್ಲ. ಕಚೇರಿಗೆ ಅರ್ಜಿ ಕೊಟ್ಟವರು ಮೂರು ವರ್ಷ ಬಿಕ್ಕಳಿಸದೆ ಇದ್ದರೆ ಸುಮ್ಮನೆ ಇನ್ನೊಂದು ಅರ್ಜಿ ಬರೆಯುತ್ತಾರೆ. ನನ್ನ ಹೆಂಡತಿ ಅಂಬುಜ, ಮದುವೆಗೆ ಮೊದಲು ನಾನು ಕಳಿಸಿದ ಪತ್ರವನ್ನು ಬಿಚ್ಚಿಯೂ ನೋಡಲಿಲ್ಲ ಎಂದು ಇವತ್ತಿಗೂ ಸಾಧಿಸುತ್ತಾಳೆ. ಆ ಮಧ್ಯಾಹ್ನ ಹದಿಮೂರು ಸಲ ಬಿಕ್ಕಳಿಸಿದವನು ನಾನು. ಆದರೂ ವಾದಕ್ಕೆ ಹೋಗುವುದಿಲ್ಲ.

ಬಿಕ್ಕಳಿಸುವವರಿಗೆ ನಾವು ನೀರು ಕೊಡುವುದಿಲ್ಲ, ಅದು ಅವಮಾನ. ಪಕ್ಕದಲ್ಲಿದ್ದವರು "ಒಳ್ಳೇದಾಯ್ತು" ಅನ್ನಬೇಕು. ದಿನಕ್ಕೆ ಇಪ್ಪತ್ತು ದಾಟಿದರೆ ಮನೆಯಲ್ಲಿ ಸಜ್ಜಿಗೆ ಮಾಡಿ ಅಕ್ಕಪಕ್ಕಕ್ಕೆ ಹಂಚುತ್ತಾರೆ. ಅವಸರದಲ್ಲಿ ಒಣ ಅವಲಕ್ಕಿ ತಿಂದು ಬಿಕ್ಕಳಿಸುವವರೂ ಅದನ್ನು ಇದೇ ಲೆಕ್ಕಕ್ಕೆ ಸೇರಿಸಿ ಬೀಗುವುದುಂಟು. ಯಾರು ಕೇಳುತ್ತಾರೆ.

ನಾನು ದಿನಕ್ಕೆ ಐವತ್ತು ವರದಿ ಬರೆದರೆ ಹತ್ತು ಬಿಕ್ಕಳಿಕೆ ಬಂದರೆ ಹೆಚ್ಚು. ಉಳಿದ ನಲವತ್ತನ್ನು ಡಾಕ್ಟರುಗಳು ಪೂರ್ತಿ ಓದದೆಯೇ ಮಾತ್ರೆ ಬರೆದು ಕಳಿಸಿರುತ್ತಾರೆ. ಬರುವ ಹತ್ತರಲ್ಲಿ ಒಂಬತ್ತು ವಾರಿಜಾಕ್ಷಿ ಮೇಡಂ ಅವರವು. ಮೇಡಂ ನಮ್ಮ ಆಸ್ಪತ್ರೆಯ ಕಿಡ್ನಿ ಡಾಕ್ಟರು. ಐವತ್ತೇಳು ವಯಸ್ಸು, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್ಲು, ಮಂಡಿನೋವು, ಮೂಗಿನ ತುದಿಯಲ್ಲಿ ಸಿಟ್ಟು. ಸಿಟ್ಟು ಬಂದಾಗ ಮಾತ್ರ ನನ್ನನ್ನು "ಮುದ್ದಯ್ಯನವರೇ" ಅನ್ನುತ್ತಾರೆ. ಆದರೆ ನಾನು ಬರೆದ ಹಾಳೆಯನ್ನು ನನ್ನ ಸಹಿಯವರೆಗೂ ಓದುತ್ತಾರೆ. ಹೊರಗೆ ಎಷ್ಟೇ ಜನ ಕಾದಿರಲಿ, ಓದಿಯೇ ರೋಗಿಯನ್ನು ಒಳಗೆ ಕರೆಯುತ್ತಾರೆ. ಅದನ್ನು ನೆನೆದರೆ ನನಗೆ ಎದೆ ತುಂಬಿ ಬರುತ್ತದೆ.

ರೋಗಿಗಳೆಲ್ಲ ಹೋದ ಮೇಲೆ ಮೇಡಂ ಸಂಶೋಧನೆ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಪ್ರಬಂಧ, ಎಲ್ಲ ಇಂಗ್ಲಿಷಿನಲ್ಲಿ. ನೋವಿನ ಮಾತ್ರೆ ನುಂಗಿ ನುಂಗಿ ಕಿಡ್ನಿ ಹಾಳು ಮಾಡಿಕೊಂಡವರ ಮೇಲೆ ಒಂದು, ಆಸ್ಪತ್ರೆಗೆ ತಡವಾಗಿ ಬಂದವರ ಮೇಲೆ ಒಂದು, ಹೀಗೆ. ದೂರದ ಯಾವ್ಯಾವುದೋ ಜರ್ನಲ್ಲುಗಳಲ್ಲಿ ಅಚ್ಚಾದವು. ಪ್ರತಿಯೊಂದರ ಕೊನೆಗೂ, ಪ್ರಯೋಗಾಲಯದ ಮುದ್ದಯ್ಯನಿಗೆ ಕೃತಜ್ಞತೆಗಳು ಎಂದು ಒಂದು ಸಾಲು ಇರುತ್ತಿತ್ತು. ಮೇಡಂ ನನಗೊಂದು ಪ್ರತಿ ಕೊಡುತ್ತಿದ್ದರು. ನಾನು ಆ ಒಂದು ಸಾಲನ್ನು ಮಾತ್ರ ಓದಿ, ಅಂಬುಜಳಿಗೆ ತೋರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದೆ.

ಹನ್ನೊಂದು ಪ್ರಬಂಧಕ್ಕೆ ಒಂದೇ ಒಂದು ಬಿಕ್ಕಳಿಕೆ ಬರಲಿಲ್ಲ. ಜರ್ನಲ್ಲಿನವರೂ ಓದದೆಯೇ ಅಚ್ಚು ಹಾಕಿದ್ದರು ಅಂತಾಯಿತು. ಪ್ರಬಂಧ ಪ್ರಕಟವಾದ ತಿಂಗಳು ಮೇಡಂ ಖಾರ ಮುಟ್ಟುತ್ತಿರಲಿಲ್ಲ, ಬಿಸಿ ಕಾಫಿ ಕುಡಿಯುತ್ತಿರಲಿಲ್ಲ. ಸುಳ್ಳು ಬಿಕ್ಕಳಿಕೆ ಬಂದು ಮೋಸಹೋಗಬಾರದಲ್ಲ. ತಿಂಗಳು ಕಳೆದ ಮೇಲೆ "ಓದೋರಿಗೂ ಪುರುಸೊತ್ತಿರಬೇಕಲ್ಲ ಮುದ್ದಯ್ಯ" ಎಂದು ಮತ್ತೆ ಉಪ್ಪಿನಕಾಯಿ ಹಾಕಿಸಿಕೊಳ್ಳುತ್ತಿದ್ದರು. ಊರಿನವರು ಅವರ ಎದುರಿಗೆ ಬಿಕ್ಕಳಿಸಲೂ ಹಿಂಜರಿಯುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಬೆಳಗ್ಗೆ, ರೋಗಿಯೊಬ್ಬನ ನಾಡಿ ಹಿಡಿದುಕೊಂಡಿದ್ದಾಗ, ಮೇಡಂ ಬಿಕ್ಕಳಿಸಿದರು. ನಾನು ಅಲ್ಲೇ ಇದ್ದೆ. ಮೇಡಂ ನಾಡಿ ಬಿಟ್ಟು ಗೋಡೆಯ ಗಡಿಯಾರ ನೋಡಿದರು. ನರ್ಸ್ ಫಿಲೋಮಿನಾ ಕೈಯಲ್ಲಿದ್ದ ಟ್ರೇ ಕೆಳಗಿಟ್ಟು "ಒಳ್ಳೇದಾಯ್ತು ಮೇಡಂ" ಅಂದರು. ರೋಗಿಯೂ ಅಂದ. ಮೇಡಂ ಏನೂ ಆಗದವರಂತೆ ಮತ್ತೆ ನಾಡಿ ಹಿಡಿದರು. ಆದರೆ ಎಣಿಸುತ್ತಿದ್ದದ್ದು ತಪ್ಪಿಹೋಗಿತ್ತು, ಮೂರು ಸಲ ಮೊದಲಿಂದ ಶುರುಮಾಡಿದರು.

ಮಾರನೆಯ ದಿನ ಆರು. ಆ ವಾರ ಮುಗಿಯುವಷ್ಟರಲ್ಲಿ ದಿನಕ್ಕೆ ನಲವತ್ತು. ಆಮೇಲೆ ನೂರು ದಾಟಿತು. ಊರಿಗೆ ಊರೇ ಹಿಗ್ಗಿತು. ಆಸ್ಪತ್ರೆಯ ಅಡುಗೆಮನೆಯವರು ಸಜ್ಜಿಗೆ ಮಾಡಿ ಮಾಡಿ ರವೆಯೇ ಖಾಲಿಯಾಯಿತು. ಮೇಡಂ ಒಂದು ನೋಟ್‌ಬುಕ್ ತಂದಿಟ್ಟುಕೊಂಡು ಒಂದೊಂದು ಬಿಕ್ಕಳಿಕೆಗೂ ಹೊತ್ತು ಬರೆಯತೊಡಗಿದರು. ಗೋಡೆಗೆ ಒಂದು ಭೂಪಟ ಬಂತು. "ಮಧ್ಯಾಹ್ನ ಮೂರಕ್ಕೆ ಜಾಸ್ತಿ ಬರ್ತಿದೆ ನೋಡಿ ಮುದ್ದಯ್ಯ, ಅಂದ್ರೆ ಈ ಕಡೆ ದೇಶದೋರು ಬೆಳಗ್ಗೆ ಕಾಫಿ ಕುಡೀತಾ ಓದ್ತಿದಾರೆ" ಎಂದು ಪೆನ್ಸಿಲ್ಲಿನಿಂದ ತೋರಿಸುತ್ತಿದ್ದರು. ಐವತ್ತೇಳರ ಹೆಂಗಸು ಹದಿನೇಳರವಳ ಹಾಗೆ ಓಡಾಡುವುದನ್ನು ನಾನು ಕಣ್ಣಾರೆ ಕಂಡೆ.

ಖುಷಿಗೆ ಊಟ ಸೇರುತ್ತಿಲ್ಲ ಅಂದರು. ಖುಷಿಗೆ ನಿದ್ದೆ ಬರುತ್ತಿಲ್ಲ ಅಂದರು. ಚಪ್ಪಲಿ ಬಿಗಿಯಾಯಿತು ಎಂದು ಒಂದು ಅಳತೆ ದೊಡ್ಡದು ಕೊಂಡರು. ಮಾತಾಡುತ್ತಾ ಮೊಣಕೈ ಕೆರೆದುಕೊಳ್ಳುತ್ತಿದ್ದರು. ನಾವೆಲ್ಲ ನೋಡುತ್ತಿದ್ದೆವು. ಕಿಡ್ನಿ ಆಸ್ಪತ್ರೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದೆವು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಗ ನಮ್ಮ ಕಣ್ಣಿಗೆ ಕಂಡದ್ದು ಒಂದೇ, ಕೊನೆಗೂ ಯಾರೋ ಮೇಡಂ ಅವರನ್ನು ಓದುತ್ತಿದ್ದಾರೆ.

ಸೂಪರಿಂಟೆಂಡೆಂಟ್ ಸಾಹೇಬರು ಭಾನುವಾರಕ್ಕೆ ಸನ್ಮಾನ ಗೊತ್ತುಮಾಡಿದರು. ಆಹ್ವಾನಪತ್ರಿಕೆ ಅಚ್ಚಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ, ಮೇಡಂ ಅವರ ಸಂಶೋಧನೆಯ ಬಗ್ಗೆ ಐದು ನಿಮಿಷ ಮಾತಾಡುವವರು ಯಾರು ಎಂಬ ಪ್ರಶ್ನೆ ಬಂತು. ಡಾಕ್ಟರುಗಳೆಲ್ಲ ಸೂರು ನೋಡಿದರು. ಓದಿಲ್ಲ ಎಂಬುದಕ್ಕೆ ನಮ್ಮೂರಲ್ಲಿ ಬೇರೆ ಸಾಕ್ಷಿ ಬೇಕಿಲ್ಲವಲ್ಲ. ಸಾಹೇಬರು ನನ್ನ ಕಡೆ ತಿರುಗಿ "ಮುದ್ದಯ್ಯ, ನಿನ್ನ ಹೆಸರು ಅದರಲ್ಲಿದೆ, ನೀನೇ ಮಾತಾಡು" ಅಂದುಬಿಟ್ಟರು.

ಗುರುವಾರ ಮಧ್ಯಾಹ್ನ ರಜೆ ಹಾಕಿ ಟ್ರಂಕು ಬಿಚ್ಚಿದೆ. ಅಂಬುಜಳ ತಮ್ಮನ ನಿಘಂಟು ತಂದಿಟ್ಟುಕೊಂಡೆ. ಕೈಗೆ ಮೊದಲು ಸಿಕ್ಕಿದ್ದು ಏಳನೆಯ ಪ್ರಬಂಧ, ತಡವಾಗಿ ಬಂದವರ ಮೇಲಿನದು, ಒಂಬತ್ತು ಪುಟ. ಮೊದಲ ಪುಟಕ್ಕೆ ಒಂದು ಗಂಟೆ ಹಿಡಿಯಿತು. ಎರಡನೆಯ ಪುಟದಲ್ಲಿ ನೂರ ನಲವತ್ತು ರೋಗಿಗಳ ಲೆಕ್ಕ ಬಂತು. ಆಮೇಲೆ ನನಗೆ ನಿಘಂಟು ಅಷ್ಟಾಗಿ ಬೇಕಾಗಲಿಲ್ಲ, ಏಕೆಂದರೆ ಆ ನೂರ ನಲವತ್ತು ಡಬ್ಬಿಗಳೂ ನನ್ನ ಕೈಯಲ್ಲೇ ಹಾದು ಹೋಗಿದ್ದವು. ನಾನು ಬರೆದ ಅಂಕಿಗಳು ಒಂದೂ ಬಿಡದೆ ಅಲ್ಲಿದ್ದವು. ಇಪ್ಪತ್ತೆರಡು ವರ್ಷ ಅವರು ನನ್ನನ್ನು ಓದಿದ್ದಾರೆ, ನಾನು ಅವರನ್ನು ಒಂದು ದಿನವೂ ಓದಿಲ್ಲ ಎಂದು ಆಗ ಹೊಳೆದು ಬಹಳ ಕೆಟ್ಟದೆನಿಸಿತು.

ಐದನೆಯ ಪುಟಕ್ಕೆ ಬಂದಾಗ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ. ಕಿಡ್ನಿ ನಿಲ್ಲುವ ಮೊದಲು ಹಸಿವು ಹೋಗುತ್ತದೆ, ನಿದ್ದೆ ಹೋಗುತ್ತದೆ, ಪಾದ ಊದುತ್ತದೆ, ಮೈ ನವೆಯಾಗುತ್ತದೆ ಎಂದು ಬರೆದಿತ್ತು. ಅದರ ಕೆಳಗೆ, ಬಿಕ್ಕಳಿಕೆ ಹತ್ತಿದರೆ ನಿಲ್ಲುವುದಿಲ್ಲ, ಆದರೆ ಈ ಊರಿನಲ್ಲಿ ಬಿಕ್ಕಳಿಕೆಯನ್ನು ಯಾರೂ ರೋಗಲಕ್ಷಣವೆಂದು ಎಣಿಸುವುದಿಲ್ಲ, ಮೂವತ್ತೊಂದು ಮಂದಿ ಸಿಹಿ ಹಂಚಿದ ಮೇಲೆ ಆಸ್ಪತ್ರೆಗೆ ಬಂದರು ಎಂದು ಮೇಡಂ ತಾವೇ ಬರೆದಿದ್ದರು. ಬಿಟ್ಟು ಎದ್ದೋಡಬೇಕು ಅನಿಸಿತು. ಆದರೆ ಪೂರ್ತಿ ತಿಳಿಯದೆ ಹೋಗಬಾರದೆಂದು ಕೊನೆಯ ಸಾಲಿನ ತನಕ ಓದಿದೆ. ಮುಗಿದಾಗ ಸಂಜೆ ಆರೂವರೆ.

ಶುಕ್ರವಾರ ಬೆಳಗ್ಗೆ ಸಿರಿಂಜು ಹಿಡಿದು ಮೇಡಂ ಕೋಣೆಗೆ ಹೋದೆ. "ಮೇಡಂ, ಹೊಸ ಕಿಟ್ ಬಂದಿದೆ. ತಾಳೆ ನೋಡೋಕೆ ಆರೋಗ್ಯವಂತರ ರಕ್ತ ಬೇಕಿತ್ತು" ಅಂದೆ. ಜನ್ಮದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು. "ತಗೊಳ್ಳಿ ತಗೊಳ್ಳಿ, ಇವತ್ತು ಏನು ಕೇಳಿದ್ರೂ ಕೊಡ್ತೀನಿ" ಎಂದು ತೋಳು ಚಾಚಿದರು. ರಕ್ತ ತೆಗೆಯುವಷ್ಟರಲ್ಲಿ ನಾಲ್ಕು ಸಲ ಬಿಕ್ಕಳಿಸಿ, ನಾಲ್ಕನ್ನೂ ಎಡಗೈಯಲ್ಲಿ ಬರೆದುಕೊಂಡರು.

ಮೂರು ಸಲ ಪರೀಕ್ಷೆ ಮಾಡಿದೆ. ಮೂರು ಸಲವೂ ಅದೇ ಅಂಕಿ. ಕಿಡ್ನಿ ಸೋಸಿ ಹಾಕಬೇಕಾದ ಕ್ರಿಯಾಟಿನಿನ್ ಒಂದು ಇರಬೇಕಾದ ಕಡೆ ಹನ್ನೊಂದು ಇತ್ತು. ಐದು ದಾಟಿದರೆ ನಾವು ಗಾಬರಿಬೀಳುವ ಪೊಟ್ಯಾಶಿಯಂ ಆರೂವರೆಯ ಮೇಲಿತ್ತು. ಬಾಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಹಾಳೆಯ ಮೇಲೆ ಗುಂಡಾಗಿ ಅವರ ಹೆಸರು ಬರೆದು, ಅಂಕಿ ಬರೆದು, ಸಹಿ ಹಾಕಿ, ಅವತ್ತಿನ ವರದಿಗಳ ನಡುವೆ ಸೇರಿಸಿ ಅವರ ಮೇಜಿನ ಮೇಲಿಟ್ಟು ಬಂದು ಲ್ಯಾಬಿನ ಸ್ಟೂಲಿನ ಮೇಲೆ ಕೂತೆ.

ಮೊದಲ ಬಿಕ್ಕಳಿಕೆ ಬಂತು. ಅದು ಯಾರದೋ ಸಕ್ಕರೆ ವರದಿಯದಿರಬಹುದು. ಎರಡನೆಯದು, ಮೂರನೆಯದು ಬಂದವು. ಆಮೇಲೆ ತುಸು ಹೊತ್ತು ಏನೂ ಇಲ್ಲ. ನಾಲ್ಕನೆಯದು ಬಂತು. ಒಂದು ನಿಮಿಷ ಬಿಟ್ಟು ಮತ್ತೊಂದು. ಮತ್ತೆ ಒಂದು ನಿಮಿಷ, ಮತ್ತೊಂದು. ಒಂದೇ ಹಾಳೆಯನ್ನು ಮೇಡಂ ಮೂರು ಸಲ ಸಹಿಯವರೆಗೂ ಓದುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನನಗೆ ಅಳು ಬಂತು, ಅತ್ತೆ.

ಬಾಗಿಲು ತಳ್ಳಿಕೊಂಡು ಮೇಡಂ ಬಂದರು. ಹಾಳೆ ಕೈಯಲ್ಲಿತ್ತು. "ಮುದ್ದಯ್ಯನವರೇ, ಇದು ಯಾರ ರಕ್ತ?"

"ಹೆಸರು ಬರೆದಿದೀನಲ್ಲ ಮೇಡಂ."

"ನಿಮ್ಮ ಮಿಷನ್ ಕೆಟ್ಟಿರಬೇಕು."

"ಮೂರು ಸಲ ಹಾಕಿದೆ. ಅನುಮಾನಕ್ಕೆ ನನ್ನ ರಕ್ತನೂ ಹಾಕಿದೆ. ನಂದು ಸರಿಯಾಗೇ ತೋರಿಸ್ತಿದೆ."

ಮೇಡಂ ಸ್ಟೂಲ್ ಎಳೆದು ಕೂತರು. ಏನೋ ಹೇಳಲು ಹೋಗಿ ಬಿಕ್ಕಳಿಸಿದರು. ಹೊರಗಿನಿಂದ ಫಿಲೋಮಿನಾ "ಒಳ್ಳೇದಾಯ್ತು" ಅಂದರು. ಮೇಡಂ ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ಹಾಳೆ ನೋಡಿದರು. "ಮಂಡಿನೋವಿಗೆ ಆರು ವರ್ಷದಿಂದ ದಿನಾ ಎರಡು ಮಾತ್ರೆ" ಎಂದು ತಮಗೆ ತಾವೇ ಹೇಳಿಕೊಂಡರು. "ನಾಲ್ಕನೇ ಪ್ರಬಂಧ. ನಾನೇ ಬರೆದಿದ್ದು." ಹಾಳೆಯನ್ನು ಮಡಿಲ ಮೇಲಿಟ್ಟು, "ಹಾಗಾದ್ರೆ ಯಾರೂ ಓದ್ತಿಲ್ಲ" ಅಂದರು.

ನಾನು ಮಿಷನ್ ಆರಿಸಿದೆ.

"ಭಾನುವಾರ ಮುಗೀಲಿ ಮುದ್ದಯ್ಯ. ಸೋಮವಾರ ಬೆಳಗ್ಗೆ ನಾನೇ ಬಂದು ಮಲಗ್ತೀನಿ, ಡಯಾಲಿಸಿಸ್ ಶುರು ಮಾಡ್ಲಿ."

"ಆರೂವರೆ ದಾಟಿದ್ರೆ ಹೃದಯ ಯಾವಾಗ ನಿಲ್ಲತ್ತೋ ಹೇಳಕ್ಕಾಗಲ್ಲ ಅಂತ ನೀವೇ ಎಷ್ಟು ಜನಕ್ಕೆ ಬೈದಿಲ್ಲ."

"ನನಗೆ ಪಾಠ ಹೇಳ್ಬೇಡಿ. ಹತ್ತೊಂಬತ್ತು ವರ್ಷ ಕಾದಿದೀನಿ, ಎರಡು ದಿನ ಯಾವ ಮಹಾ. ಒಂದು ಸಲ ಆ ಶಾಲು ಹೊದ್ಕೊಂಡು ಕೂತ್ಕೋತೀನಿ. ಸುಳ್ಳಾದ್ರೆ ಆಗಲಿ, ಯಾರಿಗೆ ಗೊತ್ತಾಗತ್ತೆ. ನೀವು ಬಾಯಿ ಬಿಡದೇ ಇದ್ರೆ ಆಯ್ತು."

ಅವರು ಹಾಗೆ ಬೇಡಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ. ಒಂದು ಕ್ಷಣ ಒಪ್ಪಿಕೊಂಡುಬಿಡೋಣ ಅನಿಸಿತು. ಆಮೇಲೆ ಓದಿದ್ದು ನೆನಪಿಗೆ ಬಂತು. ಭಾಷಣಕ್ಕೆಂದು ಕನ್ನಡ ಮಾಡಿ ಬಾಯಿಪಾಠ ಹಾಕಿದ್ದನ್ನು ಹಾಗೇ ಒಪ್ಪಿಸಿದೆ. "ಹಬ್ಬ ಮುಗಿಸಿಕೊಂಡು ಬರುತ್ತೇವೆ ಎಂದು ಮನೆಗೆ ಹೋದವರು ಇಪ್ಪತ್ತೆರಡು ಮಂದಿ. ಹಬ್ಬ ಮುಗಿದ ಮೇಲೆ ಬಂದವರು ಹದಿನಾಲ್ಕು. ಉಳಿದ ಎಂಟು ಮಂದಿಯ ವಿಳಾಸಕ್ಕೆ ಕಾಗದ ಬರೆದೆವು. ಅದನ್ನು ಅವರು ಓದಲಿಲ್ಲ ಎಂದು ನಮಗೆ ತಿಳಿದುಬಂತು."

ಮೇಡಂ ನನ್ನ ಮುಖವನ್ನೇ ನೋಡಿದರು. "ಇದು ಎಲ್ಲಿದೆ?"

"ಏಳನೇ ಪ್ರಬಂಧ. ಆರನೇ ಪುಟ, ಕೆಳಗಡೆ."

"ಯಾರಾದ್ರೂ ಹೇಳಿದ್ರಾ, ನೀವೇ ಓದಿದ್ರಾ?"

"ನಾನೇ ಓದಿದೆ. ಕೊನೇ ಸಾಲಿನ ತನಕ. ನಿನ್ನೆ ಸಂಜೆ ಆರೂವರೆಗೆ ಮುಗೀತು."

ಮೇಡಂ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. ತುರುಬಿನ ಪೆನ್ಸಿಲ್ಲು ತೆಗೆದು ಜೇಬಿಗೆ ಹಾಕಿಕೊಂಡರು. "ಫಿಲೋಮಿನಾಗೆ ಹಾಸಿಗೆ ರೆಡಿ ಮಾಡೋಕೆ ಹೇಳಿ. ಡ್ಯೂಟಿಲಿರೋ ಆ ಹುಡುಗ ಡಾಕ್ಟರನ್ನ ಕರೀರಿ, ಕೈ ನಡುಗಿಸ್ಬೇಡ ಅಂತ ಮೊದಲೇ ಹೇಳಿ" ಅಂದರು.

ಕುತ್ತಿಗೆಯ ಪಕ್ಕ ನಳಿಗೆ ಹಾಕುವಾಗಲೂ ಎಲ್ಲಿ ಚುಚ್ಚಬೇಕು, ಹೇಗೆ ಚುಚ್ಚಬೇಕು ಎಂದು ಮಲಗಿಕೊಂಡೇ ಗದರಿಸಿದರಂತೆ. ಸನ್ಮಾನ ರದ್ದಾಯಿತು. ಶಾಲು ದಂಡವಾಗಬಾರದೆಂದು ಸಾಹೇಬರು ಅದನ್ನು ನೀರು ಸರಬರಾಜಿನವರೊಬ್ಬರ ನಿವೃತ್ತಿಗೆ ಹೊದಿಸಿದರು. ಸುದ್ದಿ ಹಬ್ಬಿ ಊರಿಗೆ ಊರೇ ಗಾಬರಿಯಾಯಿತು. ವರ್ಷಗಟ್ಟಲೆ ಬಿಕ್ಕಳಿಕೆಯ ಮೇಲೆ ಮೆರೆದವರೆಲ್ಲ ಡಬ್ಬಿ ಹಿಡಿದು ನನ್ನ ಕಿಟಕಿಯ ಮುಂದೆ ಸಾಲು ನಿಂತರು. ಇಬ್ಬರಲ್ಲಿ ನಿಜವಾಗಿ ಕಿಡ್ನಿ ಕಾಯಿಲೆ ಸಿಕ್ಕಿತು, ಅದೂ ಹೊತ್ತು ಮೀರುವ ಮೊದಲೇ. ಇದನ್ನು ಹೇಳಿದರೆ ಮೇಡಂ ಸಂತೋಷಪಡುತ್ತಾರೆ ಎಂದುಕೊಂಡೆ. "ಒಳ್ಳೇದೇ. ಆದ್ರೆ ಅವರು ಓದಿ ಬಂದಿಲ್ಲ, ಯಾರೋ ಹೇಳಿದ್ದು ಕೇಳಿ ಬಂದಿದಾರೆ" ಅಂದರು.

ಮೂರನೆಯ ಸರದಿಯ ಡಯಾಲಿಸಿಸ್ ಬುಧವಾರ. ಅಷ್ಟರಲ್ಲಿ ಅವರ ಬಿಕ್ಕಳಿಕೆ ಪೂರ್ತಿ ನಿಂತಿತ್ತು. ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು, ಬೆಳಗ್ಗೆ ಎರಡು ಇಡ್ಲಿ ತಿಂದಿದ್ದರು. ನಾನು ಹೋದಾಗ ಪಕ್ಕದಲ್ಲಿ ಯಂತ್ರ ತಿರುಗುತ್ತಿತ್ತು, ಮೇಡಂ ಎದೆಯ ಮೇಲೆ ನೋಟ್‌ಬುಕ್ ಬಿಚ್ಚಿಟ್ಟುಕೊಂಡು ಮಲಗಿದ್ದರು. "ಹದಿನೆಂಟು" ಅಂದರು.

"ಏನು ಮೇಡಂ?"

"ಗುರುವಾರ ಸಂಜೆ ಆರರಿಂದ ಏಳರವರೆಗೆ ಹದಿನೆಂಟು ಸಲ. ಇದರಲ್ಲಿ ಹದಿನೇಳು ಕಾಯಿಲೆದು, ಒಂದು ನಿಮ್ದು. ಯಾವುದು ಅಂತ ಗೊತ್ತಾಗ್ತಿಲ್ಲ. ಹತ್ತೊಂಬತ್ತು ವರ್ಷಕ್ಕೆ ಒಂದು ಬಂತು, ಅದನ್ನೂ ಸರಿಯಾಗಿ ಅನುಭವಿಸ್ಲಿಲ್ಲ ನಾನು." ದನಿಯಲ್ಲಿ ಸಿಟ್ಟಿತ್ತು. ಕಣ್ಣಲ್ಲಿ ನೀರಿತ್ತು, ಎರಡು ಕೈಯಲ್ಲೂ ನೋಟ್‌ಬುಕ್ ಹಿಡಿದಿದ್ದರು. ನಾನೇ ಒರೆಸಿದೆ.

"ಮತ್ತೆ ಓದ್ಲಾ ಮೇಡಂ?"

"ಇಲ್ಲಿ ಬೇಡ, ನನಗೆ ಮುಜುಗರ. ಹೊರಗೆ ಹೋಗಿ ಓದಿ."

ಏಳನೆಯ ಪ್ರಬಂಧ ಹಿಡಿದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತೆ. ಮನಸ್ಸಿನಲ್ಲಿ ಓದಿದರೆ ಸಾಲುತ್ತಿತ್ತು, ಆದರೆ ಒಂದು ಪದವೂ ತಪ್ಪಬಾರದೆಂದು ಗಟ್ಟಿಯಾಗಿ ಓದಿದೆ. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಪಾದ ಊದಿಕೊಂಡಿದ್ದ ಒಬ್ಬ ಅಜ್ಜಿ "ಏನದು ಮುದ್ದಣ್ಣ, ನಮಗೂ ತಿಳಿಯೋ ಹಂಗೆ ಹೇಳು" ಅಂದಳು. ಒಂದೊಂದು ಪುಟ ಮುಗಿದಾಗಲೂ ಕನ್ನಡದಲ್ಲಿ ಹೇಳಿದೆ. ನೂರ ನಲವತ್ತು ಜನರಲ್ಲಿ ತನ್ನ ಗಂಡನೂ ಇದ್ದ ಎಂದು ಅಜ್ಜಿ ಹೇಳಿದಳು, ಅವನು ಹಬ್ಬಕ್ಕೆಂದು ಮನೆಗೆ ಹೋಗದೆ ಆಸ್ಪತ್ರೆಯಲ್ಲೇ ಉಳಿದಿದ್ದನಂತೆ. ಹೀಗೆ ಓದುತ್ತಾ ಹೇಳುತ್ತಾ ಒಂದೂವರೆ ಗಂಟೆಯಾಯಿತು. ನನ್ನ ಹೆಸರಿದ್ದ ಕೊನೆಯ ಸಾಲನ್ನು ಓದಿ, ಹಾಳೆ ಮಡಿಚಿ, ಒಳಗಿನ ಕಡೆ ಕಿವಿಗೊಟ್ಟು ಕೂತೆ.

ಬಾಗಿಲ ಆಚೆಯಿಂದ ಒಂದು ಬಿಕ್ಕಳಿಕೆ ಕೇಳಿಸಿತು. ಒಂದೇ ಒಂದು. ಹಿಂದೆ ಮುಂದೆ ಮತ್ತೊಂದಿರಲಿಲ್ಲ.

ಒಳಗಿನಿಂದ ಏನಾದರೂ ಮಾತು ಬರುತ್ತದೆಯೋ ಎಂದು ನಾನು ಕಾದೆ. ಆಮೇಲೆ ಮೇಡಂ ಗಂಟಲು ಸರಿಮಾಡಿಕೊಂಡು ಕೂಗಿದರು.

"ಮುದ್ದಯ್ಯ, ನನಗಿನ್ನೂ ಎರಡು ಗಂಟೆ ಬಾಕಿಯಿದೆ. ಎಂಟನೇದು ಇಲ್ಲೇ ದಿಂಬಿನ ಕೆಳಗಿದೆ, ಬಂದು ತಗೊಂಡು ಹೋಗಿ."